1.65 ವೋಲ್ಟ್‌ನ ಗೆರೆ: ರ‍್ಯಾಮ್‌ಗೆ ಕರೆಂಟು ಹೆಚ್ಚಿಸಿದವರ ಕತೆ

2008ರ ನವೆಂಬರ್‌ನಲ್ಲಿ ಇಂಟೆಲ್ ಕಂಪನಿಯ ಮೊದಲ ಕೋರ್ ಐ7 ಪ್ರೊಸೆಸರ್ ಮಾರುಕಟ್ಟೆಗೆ ಬಂತು. ಅದಕ್ಕೆಂದೇ ಮಾಡಿದ ಕೆಲವು ಮದರ್‌ಬೋರ್ಡ್‌ಗಳಲ್ಲಿ ರ‍್ಯಾಮ್ ಕೂರಿಸುವ ಜಾಗದ ಮೇಲೇ ಒಂದು ಚೀಟಿ ಅಂಟಿಸಿ ಕಳಿಸಿದ್ದರು. 1.65 ವೋಲ್ಟ್‌ಗಿಂತ ಹೆಚ್ಚು ಕೇಳುವ ರ‍್ಯಾಮ್ ಹಾಕಿದರೆ ಪ್ರೊಸೆಸರ್ ಶಾಶ್ವತವಾಗಿ ಹಾಳಾಗಬಹುದು ಎಂಬುದು ಅದರ ತಾತ್ಪರ್ಯ. ಅದೇ ವರ್ಷ ದುಬಾರಿ ಬೆಲೆ ಕೊಟ್ಟು 1.8, 1.9 ವೋಲ್ಟ್‌ನ ವೇಗದ ರ‍್ಯಾಮ್ ಕೊಂಡಿದ್ದವರಿಗೆ ಇದನ್ನು ಓದಿ ಹೇಗಾಗಿರಬೇಡ!

ಆ ಚೀಟಿ ಯಾಕೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಇದನ್ನು ಬರೆಯುತ್ತಿರುವುದಕ್ಕೂ ಕಾರಣವಿದೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆಯಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ ಹುಡುಗರು ವಿಡಿಯೊ ನೋಡಿಕೊಂಡು ಬಯಾಸ್ ಒಳಗೆ ಕೈಹಾಕುತ್ತಾರೆ. ಅಲ್ಲಿ ಯಾವ ಅಂಕಿ ತಿದ್ದಿದರೆ ಏನಾಗುತ್ತದೆ ಅನ್ನುವುದು ವಿಡಿಯೊದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಬಯಾಸ್ ಅಂದರೆ ಮದರ್‌ಬೋರ್ಡ್‌ನ ಸಣ್ಣ ಚಿಪ್ಪಿನಲ್ಲಿ ಕೂತಿರುವ ಫರ್ಮ್‌ವೇರ್. ಸ್ವಿಚ್ ಒತ್ತಿದ ಕೂಡಲೇ ವಿಂಡೋಸ್‌ಗಿಂತ ಮೊದಲು ಎದ್ದು, ರ‍್ಯಾಮ್ ಎಷ್ಟಿದೆ, ಯಾವುದಕ್ಕೆ ಎಷ್ಟು ವೋಲ್ಟ್ ಕೊಡಬೇಕು, ಎಷ್ಟು ವೇಗದಲ್ಲಿ ಓಡಿಸಬೇಕು ಎಂದು ನೋಡಿಕೊಳ್ಳುವುದು ಅದೇ. ಕಂಪನಿ ಹೇಳಿದ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಟ್ರ್ಯಾಕ್ಟರ್‌ನ ಗವರ್ನರ್ ತಿರುಗಿಸಿ ಓಡಿಸುವವರನ್ನು ಕಂಡವರಿಗೆ ಈ ಆಸೆಯನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಮೊದಲು ಬಯಾಸ್ ಈ ಆಟಕ್ಕೆ ಗೆಳೆಯನಾಗಿರಲಿಲ್ಲ, ಕಾವಲುಗಾರನಾಗಿತ್ತು. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದರೊಳಗೆ ತಾಳ ಹಾಕುವ ಹರಳು 12 ಮೆಗಾಹರ್ಟ್ಸ್‌ನದು, ಅದರ ಅರ್ಧ ಪ್ರೊಸೆಸರ್‌ಗೆ ಸಿಗುತ್ತಿತ್ತು. ಜನ ಆ ಹರಳನ್ನು ಕಿತ್ತು 16ರದ್ದನ್ನು ಹಾಕಿದರು. ಪುಡಿಗಾಸಿನ ಖರ್ಚಿಗೆ 8 ಮೆಗಾಹರ್ಟ್ಸ್! ಐಬಿಎಂ ಸುಮ್ಮನಿರಲಿಲ್ಲ. ನಂತರದ ಬಯಾಸ್‌ನಲ್ಲಿ ವೇಗ ಅಳೆಯುವ ಪರೀಕ್ಷೆ ಸೇರಿಸಿತು. ವೇಗ ಹೆಚ್ಚಾಗಿದ್ದರೆ ಯಂತ್ರ ಏಳುತ್ತಲೇ ಇರಲಿಲ್ಲ. ಹಾಗಾಗಿ ಹಳೆಯ ಬಯಾಸ್ ಚಿಪ್ ಇದ್ದವರೇ ಪುಣ್ಯವಂತರು. ಹೊಸದೆಲ್ಲ ಒಳ್ಳೆಯದಲ್ಲ ಅನ್ನುವ ಮಾತು ಫರ್ಮ್‌ವೇರ್ ವಿಷಯದಲ್ಲಿ ಅಷ್ಟು ಹಳೆಯದು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ತೈವಾನಿನ ಅಬಿಟ್ ಕಂಪನಿ ಬೋರ್ಡ್ ಮೇಲಿನ ಜಂಪರ್‌ಗಳನ್ನು ತೆಗೆದು, ವೇಗ ಬದಲಿಸುವ ಕೆಲಸವನ್ನೇ ಬಯಾಸ್ ಒಳಗೆ ತಂದಿತು. ಅದಕ್ಕೆ ಸಾಫ್ಟ್‌ಮೆನು ಎಂದು ಹೆಸರು. 1998ರಲ್ಲಿ ಇಂಟೆಲ್‌ನ ಅಗ್ಗದ ಪ್ರೊಸೆಸರ್ ಸೆಲೆರಾನ್ 300ಎ ಬಂದಾಗ ಅಬಿಟ್‌ನ ಬಿಎಚ್6 ಬೋರ್ಡ್‌ಗೆ ಎಲ್ಲಿಲ್ಲದ ಬೇಡಿಕೆ. ಲೆಕ್ಕ ಸರಳ: 66ರ ನಾಲ್ಕೂವರೆ ಪಟ್ಟು 300. ಬಯಾಸ್‌ನಲ್ಲಿ 66ನ್ನು 100 ಮಾಡಿದರೆ 450. ಸುಮಾರು 150 ಡಾಲರ್‌ನ ಪ್ರೊಸೆಸರ್, ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಬೆಲೆಯ ಪೆಂಟಿಯಂ 2ರ ಸಮಕ್ಕೆ ಬಂದು ನಿಲ್ಲುತ್ತಿತ್ತು.

ಆದರೆ ಅಳಿಸಿ ಬರೆಯಬಹುದಾದ ಬಯಾಸ್‌ಗೆ ಅದರದೇ ಅಪಾಯವಿತ್ತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಎಷ್ಟೋ ಕಂಪ್ಯೂಟರ್‌ಗಳ ಬಯಾಸನ್ನೇ ಅಳಿಸಿಹಾಕಿತು. ಚಿಪ್ ಕಿತ್ತು ಮತ್ತೆ ಬರೆಸುವ ತನಕ ಅವು ಕಣ್ಣು ಬಿಡಲಿಲ್ಲ. ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೂ ಇದೇ ಗತಿ ಆಗಬಹುದು. ನಮ್ಮೂರುಗಳ ಕರೆಂಟಿನ ಮರ್ಜಿ ಗೊತ್ತಿರುವವರು ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕದಿರುವುದು ಲೇಸು.

ಇನ್ನು ರ‍್ಯಾಮ್. ಇದರ ವೋಲ್ಟೇಜ್ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಲೇ ಬಂದಿದೆ. ಹಳೆಯ ಎಸ್‌ಡಿ ರ‍್ಯಾಮ್‌ಗೆ 3.3, ಡಿಡಿಆರ್‌ಗೆ 2.5, ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1 ವೋಲ್ಟ್. ಆದರೆ ಆಟಗಾರರು ಈ ಅಂಕಿಗಳಿಗೆ ಕಟ್ಟುಬಿದ್ದವರಲ್ಲ. ಡಿಡಿಆರ್ ಕಾಲದಲ್ಲಿ ವಿನ್‌ಬಾಂಡ್ ಕಂಪನಿಯ ಬಿಎಚ್-5 ಎಂಬ ಚಿಪ್ 2.5ರ ಬದಲು 3.3 ವೋಲ್ಟ್ ಕೊಟ್ಟಷ್ಟೂ ಕುಣಿಯುತ್ತಿತ್ತು. ಸ್ಯಾಮ್‌ಸಂಗ್‌ನ ಟಿಸಿಸಿಡಿ ಚಿಪ್‌ಗೆ ಅದು ಆಗಿಬರುತ್ತಿರಲಿಲ್ಲ, ಕಡಿಮೆ ವೋಲ್ಟ್‌ನಲ್ಲೇ ವೇಗವಾಗಿ ಓಡುತ್ತಿತ್ತು. 2005ರ ಸುಮಾರಿಗೆ ಡಿಎಫ್‌ಐ ಕಂಪನಿಯ ಲ್ಯಾನ್‌ಪಾರ್ಟಿ ಬೋರ್ಡ್ ಇಟ್ಟುಕೊಂಡವರು ಮೊದಲು ತಮ್ಮ ರ‍್ಯಾಮ್‌ನಲ್ಲಿ ಯಾವ ಚಿಪ್ ಇದೆ ಎಂದು ನೋಡಿ, ಆಮೇಲೆ ಅದಕ್ಕೆ ಹೊಂದುವ ಬಯಾಸ್ ಆವೃತ್ತಿಯನ್ನು ಆರಿಸುತ್ತಿದ್ದರು. ಮಣ್ಣು ನೋಡಿ ಬೀಜ ಆರಿಸಿದ ಹಾಗೆ. ಒಬ್ಬನಿಗೆ ಹೊಂದಿದ ಆವೃತ್ತಿ ಇನ್ನೊಬ್ಬನ ಯಂತ್ರದಲ್ಲಿ ಏಳುತ್ತಲೇ ಇರಲಿಲ್ಲ.

ಈಗ 2008ರ ಚೀಟಿಗೆ ಬರೋಣ. ಅಲ್ಲಿಯವರೆಗೆ ಇಂಟೆಲ್ ಕಂಪ್ಯೂಟರ್‌ಗಳಲ್ಲಿ ರ‍್ಯಾಮ್ ಜೊತೆ ಮಾತಾಡುವ ನಿಯಂತ್ರಕ ಮದರ್‌ಬೋರ್ಡ್‌ನ ಬೇರೊಂದು ಚಿಪ್‌ನಲ್ಲಿತ್ತು. ಹೆಚ್ಚು ವೋಲ್ಟ್ ಕೊಟ್ಟರೆ ರ‍್ಯಾಮ್ ಕೆಡಬಹುದು, ಹೆಚ್ಚೆಂದರೆ ಬೋರ್ಡ್ ಕೆಡಬಹುದು. ಕೋರ್ ಐ7ನಲ್ಲಿ ಆ ನಿಯಂತ್ರಕ ಪ್ರೊಸೆಸರ್ ಒಳಗೇ ಸೇರಿತು. ಎಎಂಡಿ ಇದನ್ನು 2003ರಲ್ಲೇ ಮಾಡಿತ್ತು, ಬಿಎಚ್-5 ಕುಣಿಸಿದ್ದೂ ಅದರಲ್ಲೇ. ಆದರೆ ಆ ಪ್ರೊಸೆಸರ್‌ಗಳು 130, 90 ನ್ಯಾನೋಮೀಟರ್‌ನವು, ಕೋರ್ ಐ7 45ರದ್ದು. ಒಳಗಿನ ಪದರ ತೆಳುವಾದಷ್ಟೂ ಅದು ತಾಳುವ ವೋಲ್ಟ್ ಕಡಿಮೆ. ಹಾಗಾಗಿ ರ‍್ಯಾಮ್‌ಗೆಂದು ಕೊಟ್ಟ ಹೆಚ್ಚುವರಿ ವೋಲ್ಟ್, ಅದಕ್ಕಿಂತ ಎಷ್ಟೋ ದುಬಾರಿಯಾದ ಪ್ರೊಸೆಸರ್‌ನ ಮೇಲೆ ಬೀಳುವಂತಾಯಿತು.

1.5ರಿಂದ 1.65 ಅಂದರೆ ಬರೀ ನೂರಕ್ಕೆ ಹತ್ತು ಹೆಚ್ಚು ಅನಿಸುತ್ತದೆ. ಆದರೆ ಚಿಪ್ ಓಡುವಾಗ ಹೊರಬರುವ ಬಿಸಿ ವೋಲ್ಟೇಜಿನ ವರ್ಗದಂತೆ ಏರುತ್ತದೆ, ಅಂದರೆ ಹತ್ತು ಹೆಚ್ಚಿಸಿದರೆ ಬಿಸಿ ಸುಮಾರು 21 ಹೆಚ್ಚು. ನಮ್ಮ ಕಡೆ ಬೋರ್‌ವೆಲ್ ಮೋಟಾರ್ ಸುಡುವುದು ಹೆಚ್ಚಾಗಿ ವೋಲ್ಟೇಜ್ ಇಳಿದು. ಇಲ್ಲಿ ಉಲ್ಟಾ. ಅದೂ ಒಂದೇ ಸಲ ಸುಡಬೇಕೆಂದಿಲ್ಲ, ತಿಂಗಳುಗಟ್ಟಲೆ ಚೆನ್ನಾಗಿ ಓಡಿ ಆಮೇಲೆ ಕೈಕೊಡಬಹುದು. ಮೋಸ ಇರುವುದೇ ಅಲ್ಲಿ. ಆರು ತಿಂಗಳಿಂದ ಏನೂ ಆಗಿಲ್ಲ ಅನ್ನುವವನ ಮಾತು ಸುರಕ್ಷತೆಗೆ ಸಾಕ್ಷಿಯಲ್ಲ.

ರ‍್ಯಾಮ್ ಕಂಪನಿಗಳು ಬೇಗನೆ ದಾರಿಗೆ ಬಂದವು, 1.65ರ ಒಳಗೇ ಓಡುವ ರ‍್ಯಾಮ್ ಮಾರತೊಡಗಿದವು. 2007ರಲ್ಲಿ ಇಂಟೆಲ್ ತಂದಿದ್ದ ಎಕ್ಸ್‌ಎಂಪಿ ಎಂಬ ವ್ಯವಸ್ಥೆಯೂ ಮನೆಮಾತಾಯಿತು. ವೇಗ, ವೋಲ್ಟ್ ಎಲ್ಲ ರ‍್ಯಾಮ್ ಪಟ್ಟಿಯ ಮೇಲಿನ ಸಣ್ಣ ಚಿಪ್‌ನಲ್ಲೇ ಬರೆದಿರುತ್ತದೆ, ಬಯಾಸ್‌ನಲ್ಲಿ ಒಂದು ಆಯ್ಕೆ ಒತ್ತಿದರೆ ಸಾಕು. ಅನುಕೂಲ ಹೌದು. ಆದರೆ ಆ ಒಂದು ಒತ್ತಿನಲ್ಲಿ ಏನೇನು ಬದಲಾಗುತ್ತದೆ ಎಂದು ನೋಡುವ ಅಭ್ಯಾಸ ತಪ್ಪಿಹೋಯಿತು ಎಂಬುದು ನಮ್ಮ ತಕರಾರು.

2023ರ ಏಪ್ರಿಲ್‌ನಲ್ಲಿ ಅದರ ಬೆಲೆ ಕಂಡಿತು. ಎಎಂಡಿಯ ರೈಜನ್ 7000 ಸಾಲಿನ, ಅದರಲ್ಲೂ ಎಕ್ಸ್3ಡಿ ಪ್ರೊಸೆಸರ್‌ಗಳು ಅಲ್ಲಲ್ಲಿ ಸುಟ್ಟ ಸುದ್ದಿ ಬಂತು. ಎಎಂಡಿಯ ಎಕ್ಸ್‌ಪೋ, ಅಂದರೆ ಎಕ್ಸ್‌ಎಂಪಿಯಂಥದ್ದೇ ವ್ಯವಸ್ಥೆ, ಆನ್ ಮಾಡಿದಾಗ ಕೆಲವು ಬೋರ್ಡ್‌ಗಳ ಫರ್ಮ್‌ವೇರ್ ರ‍್ಯಾಮ್ ನಿಯಂತ್ರಕವಿರುವ ಭಾಗಕ್ಕೆ ತಾನಾಗಿಯೇ ಹೆಚ್ಚು ವೋಲ್ಟ್ ಕೊಡುತ್ತಿತ್ತು. ಎಎಂಡಿ ಆ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಿ, ಬೋರ್ಡ್ ಕಂಪನಿಗಳ ಮೂಲಕ ಹೊಸ ಫರ್ಮ್‌ವೇರ್ ಬಿಡಿಸಿತು. ಐಬಿಎಂ ಕಾಲದಲ್ಲಿ ಹಳೆಯ ಬಯಾಸ್ ಇದ್ದವನು ಗೆದ್ದಿದ್ದ, ಇಲ್ಲಿ ಹಳೆಯದನ್ನೇ ಇಟ್ಟುಕೊಂಡವನಿಗೆ ಅಪಾಯ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಹೆಚ್ಚು ಕಾಡುವುದು ಡಿಡಿಆರ್3. ಇದರಲ್ಲಿ 1.5, 1.65 ಅಲ್ಲದೆ ಡಿಡಿಆರ್3ಎಲ್ ಎಂಬ 1.35 ವೋಲ್ಟ್‌ನದೂ ಇದೆ, ಮೂರೂ ಒಂದೇ ಸ್ಲಾಟಿನಲ್ಲಿ ಕೂರುತ್ತವೆ. 2015ರ ಇಂಟೆಲ್ ಆರನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಡಿಡಿಆರ್3 ಹಾಕುವುದಾದರೆ 1.35ರದ್ದೇ ಆಗಬೇಕೆಂದು ಕಂಪನಿ ಹೇಳಿದೆ. ರ‍್ಯಾಮ್ ಪಟ್ಟಿಯ ಮೇಲಿನ ಚೀಟಿಯಲ್ಲಿ ಸಾಮಾನ್ಯವಾಗಿ ವೋಲ್ಟ್ ಬರೆದಿರುತ್ತದೆ. ಅಂಗಡಿಯಲ್ಲೇ ಕೈಗೆತ್ತಿಕೊಂಡು ಓದಿ. ಬಯಾಸ್ ಬದಲಿಸಲೇಬೇಕಾದರೆ ಬೋರ್ಡ್ ಮೇಲೆ ಅಚ್ಚಾಗಿರುವ ಮಾಡೆಲ್ ಹೆಸರಿನ ಜೊತೆ ಅದರ ರಿವಿಷನ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಹೆಸರು ಒಂದೇ ಇದ್ದು ರಿವಿಷನ್ ಬೇರೆಯಾದರೆ ಫರ್ಮ್‌ವೇರೂ ಬೇರೆ ಇರಬಹುದು.