ಕುಗ್ಗಿದ ಹೊಟ್ಟೆ, ಹಿಗ್ಗಿದ ಶಾಸ್ತ್ರ

ತೂಕ ಇಳಿಸಲೆಂದೇ ಹೊಟ್ಟೆ ಕೊಯ್ಯುವ ಪದ್ಧತಿಗೆ ಈಗ ಎಪ್ಪತ್ತು ವರ್ಷ ದಾಟಿದೆ. ಅದರ ಮೊದಲ ಕೆಲವು ದಶಕಗಳ ಬರಹ ತೆಗೆದು ನೋಡಿದರೆ ಸಿಗುವುದು ಬಹುಪಾಲು ಸರ್ಜನ್‌ಗಳ ಕೈಚಳಕ: ಎಲ್ಲಿ ಕತ್ತರಿಸಿದರು, ಎಲ್ಲಿ ಜೋಡಿಸಿದರು, ಎಷ್ಟು ಕಿಲೋ ಇಳಿಯಿತು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋದವರು ಏನು ಉಂಡರು, ಹೇಗೆ ಬದುಕಿದರು ಎನ್ನುವ ಪ್ರಶ್ನೆ ತಡವಾಗಿ ಬಂತು. ತೊಂದರೆ ಹೊತ್ತು ವಾಪಸು ಬಂದ ರೋಗಿಗಳೇ ಅದನ್ನು ಎತ್ತಿಸಿದರು ಎನ್ನಬೇಕು.

ಮೊದಲ ಪಾಠ ದುಬಾರಿಯಾಗಿತ್ತು. ಅಮೆರಿಕದ ಮಿನ್ನೆಸೋಟಾದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಅವರ ಜೊತೆಗಾರರು 1954ರಲ್ಲಿ ವರದಿ ಮಾಡಿದ ಆಪರೇಷನ್ನಿನಲ್ಲಿ ಜಠರವನ್ನು ಮುಟ್ಟುತ್ತಲೇ ಇರಲಿಲ್ಲ. ಸಣ್ಣಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸಿ, ಮೇಲಿನ ತುಂಡನ್ನು ಕೊನೆಯ ತುಂಡಿಗೆ ಜೋಡಿಸುತ್ತಿದ್ದರು. ಉಂಡದ್ದು ಮೈಗೆ ಹತ್ತದೆ ಹೋಗುತ್ತಿತ್ತು, ತೂಕವೇನೋ ಸರಸರ ಇಳಿಯುತ್ತಿತ್ತು. ಅದರ ಬೆನ್ನಿಗೇ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ಕೆಲವರಲ್ಲಿ ಜೀವಕ್ಕೇ ಎರವಾಗುವಂಥ ಯಕೃತ್ತಿನ ವೈಫಲ್ಯ. ಎಂಬತ್ತರ ದಶಕದ ಹೊತ್ತಿಗೆ ಈ ಆಪರೇಷನ್ ಮೂಲೆಗೆ ಸರಿಯಿತು. ಎಷ್ಟೋ ಜನ ಮತ್ತೆ ಟೇಬಲ್ ಹತ್ತಿ ಕರುಳನ್ನು ಮೊದಲಿನಂತೆ ಜೋಡಿಸಿಕೊಳ್ಳಬೇಕಾಯಿತು. ವರ್ಷಗಟ್ಟಲೆ ರೋಗಿಯ ಹಿಂದೆ ಬೀಳಬೇಕು ಎಂಬ ಅರಿವು ಮೂಡಿದ್ದು ಇಲ್ಲಿಂದ.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಹಿಡಿದ ದಾರಿ ಬೇರೆ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಆಮೇಲೆ ಸುಲಭಕ್ಕೆ ತೂಕ ಏರಿಸಿಕೊಳ್ಳುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಅದನ್ನೇ ಆಧರಿಸಿ 1966ರಲ್ಲಿ, ಜಠರದ ಮೇಲ್ಭಾಗವನ್ನು ಚಿಕ್ಕ ಚೀಲವಾಗಿಸಿ ನೇರ ಸಣ್ಣಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು. 1980ರಲ್ಲಿ ಕರುಳಿನ ತಂಟೆಗೇ ಹೋಗದೆ ಜಠರಕ್ಕಷ್ಟೇ ಸ್ಟೇಪಲ್ ಹಾಕಿ ಚಿಕ್ಕ ಚೀಲ ಮಾಡಿ, ಆ ಚೀಲದ ಬಾಯಿಗೆ ಪಟ್ಟಿ ಕಟ್ಟುವ ಇನ್ನೊಂದು ಬಗೆಯನ್ನು ತಂದರು. ಲೆಕ್ಕ ಸರಳವಾಗಿತ್ತು: ಚೀಲ ಚಿಕ್ಕದು, ದಾರಿ ಕಿರಿದು, ಊಟ ಕಮ್ಮಿ. ರೋಗಿಗಳ ನಾಲಿಗೆ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಬ್ರೆಡ್ಡು, ಮಾಂಸ ಆ ಸಂದಿಯಲ್ಲಿ ಸಿಕ್ಕಿಕೊಂಡು ವಾಂತಿಯಾಗುತ್ತಿತ್ತು. ಐಸ್‌ಕ್ರೀಮು, ಮಿಲ್ಕ್‌ಶೇಕು ಸಲೀಸಾಗಿ ಜಾರುತ್ತಿತ್ತು. ಯಾವುದು ಇಳಿಯುತ್ತದೋ ಅದನ್ನೇ ಜನ ತಿಂದರು, ತೂಕ ಮರಳಿತು. ತೊಂಬತ್ತರ ದಶಕದಲ್ಲಿ ಬಂದ, ಬೇಕೆಂದಾಗ ಬಿಗಿ ಮಾಡಬಹುದಾದ ಸಿಲಿಕೋನ್ ಬ್ಯಾಂಡಿನ ಕಥೆಯೂ ಹೆಚ್ಚುಕಮ್ಮಿ ಇದೇ. ಅಮೆರಿಕದಲ್ಲಿ 2001ರಲ್ಲಿ ಅದಕ್ಕೆ ಅನುಮತಿ ಸಿಕ್ಕಿ ಒಂದು ದಶಕ ಅದರದೇ ಭರಾಟೆ ನಡೆಯಿತು. ಆಮೇಲೆ ಬ್ಯಾಂಡ್ ತೆಗೆಸಲು ಬರುವವರ ಸಾಲು ಬೆಳೆಯಿತು.

ಶಾಸ್ತ್ರ ನಿಜವಾಗಿ ಮಗ್ಗುಲು ಬದಲಿಸಿದ್ದು ಡಯಾಬಿಟಿಸ್‌ನಿಂದ. ನಾರ್ತ್ ಕೆರೊಲಿನಾದ ವಾಲ್ಟರ್ ಪೋರಿಸ್ ತಮ್ಮ ಬೈಪಾಸ್ ರೋಗಿಗಳನ್ನು 14 ವರ್ಷ ಗಮನಿಸಿ 1995ರಲ್ಲಿ ಬರೆದ ಲೇಖನದ ಪ್ರಕಾರ, ಸಕ್ಕರೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 83ರಷ್ಟು ಜನರ ಸಕ್ಕರೆ ಮಾಮೂಲಿ ಮಟ್ಟಕ್ಕೆ ಬಂದು ನಿಂತಿತ್ತು. ಅದೂ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಇಳಿಯತೊಡಗಿತ್ತು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಅದು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಇವತ್ತು ಎಲ್ಲಕ್ಕಿಂತ ಹೆಚ್ಚು ನಡೆಯುವ ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗದ ಜೊತೆ ತೆಗೆದುಹಾಕುವುದು ಆ ಜಾಗವನ್ನೇ. ಹೊಟ್ಟೆ ಚಿಕ್ಕದಾದದ್ದಕ್ಕಿಂತ ಹೊಟ್ಟೆಗೂ ಮಿದುಳಿಗೂ ನಡೆಯುವ ಮಾತುಕತೆ ಬದಲಾದದ್ದೇ ದೊಡ್ಡದು ಎಂದು ತಿಳಿಯಿತು. 2007ರಲ್ಲಿ ಈ ಆಪರೇಷನ್ ಮಾಡುವ ಅಮೆರಿಕದ ಸರ್ಜನ್‌ಗಳ ಸಂಘ ತನ್ನ ಹೆಸರಿನಲ್ಲೇ ‘ಮೆಟಬಾಲಿಕ್’, ಅಂದರೆ ಚಯಾಪಚಯದ, ಎಂಬ ಪದ ಸೇರಿಸಿಕೊಂಡಿತು. ರೋಗಿಗಳ ಮಟ್ಟಿಗೆ ಇದರ ಅರ್ಥ ಇಷ್ಟು: ಆಪರೇಷನ್ ಆದ ಹೊಸದರಲ್ಲಿ ಹಸಿವಾಗದಿರುವುದು ಅವರ ಸಂಯಮವಲ್ಲ, ಎರಡು ವರ್ಷದ ಮೇಲೆ ಹಸಿವು ಮರಳಿದರೆ ಅದು ಅವರ ತಪ್ಪೂ ಅಲ್ಲ.

ಹಸಿವಿನ ಹಿಂದೆ ಸ್ವಲ್ಪ ತೂಕವೂ ಮರಳುವುದಂತೂ ನಿಜ. 1987ರಲ್ಲಿ ಶುರುವಾದ ಸ್ವೀಡನ್ನಿನ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಹಿಂಬಾಲಿಸಿತು. ಬೈಪಾಸ್ ಆದವರ ತೂಕ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32 ಇಳಿದು, ಹತ್ತನೇ ವರ್ಷಕ್ಕೆ ಶೇ 25ಕ್ಕೆ ಬಂದಿತ್ತು. ಬ್ಯಾಂಡ್ ಹಾಕಿಸಿಕೊಂಡವರದು ಶೇ 20ರಿಂದ 14ಕ್ಕೆ. ಸಾವಿನ ಪ್ರಮಾಣ ಆಪರೇಷನ್ ಆಗದವರಿಗಿಂತ ಕಮ್ಮಿಯಿತ್ತು. ಆಪರೇಷನ್ ಪರವಾಗಿ ವಾದಿಸುವವರು ಸಾವಿನ ಅಂಕಿಯನ್ನು ಎತ್ತಿ ಹೇಳುತ್ತಾರೆ, ಅನುಮಾನದವರು ತೂಕದ ಅಂಕಿಯನ್ನು. ಎರಡೂ ಒಂದೇ ಅಧ್ಯಯನದ್ದು.

ಇನ್ನು ಅಡುಗೆಮನೆಗೆ ಬರೋಣ. ಈ ಶಾಸ್ತ್ರದ ಅತಿ ಹೆಚ್ಚಿನ ಕೆಲಸ ನಡೆಯುವುದು ಅಲ್ಲೇ. ಸಾಮಾನ್ಯವಾಗಿ ಮೊದಲ ಎರಡು ವಾರ ನೀರಾಗಿರುವುದು ಮಾತ್ರ, ಆಮೇಲೆ ನುಣ್ಣಗೆ ಅರೆದದ್ದು, ನಂತರ ಮೆತ್ತಗಿನದು, ಸುಮಾರು ಆರರಿಂದ ಎಂಟು ವಾರಕ್ಕೆ ಮಾಮೂಲಿ ಊಟ. ಎಲ್ಲ ತುತ್ತನ್ನೂ ಹಿಟ್ಟಾಗುವಷ್ಟು ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಡಬೇಕು. ಈ ನಿಯಮಗಳು ಹುಟ್ಟಿದ್ದು ಬ್ರೆಡ್ಡು, ಕೋಳಿ ತಿನ್ನುವ ಊರುಗಳಲ್ಲಿ. ಹಳೇ ಮೈಸೂರು ಕಡೆ ಮುದ್ದೆ ಅಗಿಯುವವರನ್ನು ಕಂಡರೆ ಪಕ್ಕದವರು ನಗುತ್ತಾರೆ; ಸಾರಿನಲ್ಲಿ ಅದ್ದಿ ನುಂಗುವುದೇ ಅದರ ಕ್ರಮ. ಸ್ಲೀವ್ ಆಗಿ, ಚೀಲದಂತಿದ್ದ ಹೊಟ್ಟೆ ಬಾಳೆಹಣ್ಣಿನಷ್ಟು ಸಪೂರ ಕೊಳವೆಯಾದ ಮೇಲೆ ಹಾಗೆ ನುಂಗಿದ ತುತ್ತು ಎದೆಯಲ್ಲೇ ನಿಂತುಬಿಡುತ್ತದೆ. ಅನ್ನ-ಸಾರು, ಅನ್ನ-ಮಜ್ಜಿಗೆ ಎನ್ನುವ ನಮ್ಮ ಊಟದ ಕಟ್ಟೇ ಗಟ್ಟಿಯನ್ನೂ ನೀರನ್ನೂ ಕಲಸಿ ಉಣ್ಣುವುದು. ಸಾರು ಅನ್ನವನ್ನು ಬೇಗ ತಳ್ಳಿಕೊಂಡು ಹೋಗುತ್ತದೆ, ಹೊಟ್ಟೆ ತುಂಬಿದ್ದು ಬೇಗ ಮರೆತುಹೋಗುತ್ತದೆ. ಇಂಗ್ಲಿಷಿನ ಡಯೆಟ್ ಚೀಟಿಯನ್ನು ಹಾಗೇ ಕೊಟ್ಟು ಕಳಿಸುವ ಡಯೆಟಿಶಿಯನ್‌ಗಿಂತ ‘ಮೊದಲು ತೊವ್ವೆ, ಪಲ್ಯ, ಕೊನೆಗೆ ಜಾಗ ಉಳಿದರೆ ಅನ್ನ’ ಎಂದು ತಟ್ಟೆಯ ಕ್ರಮವನ್ನೇ ತಿರುಗಿಸಿ ಹೇಳುವವರು ಹೆಚ್ಚು ಉಪಕಾರ ಮಾಡುತ್ತಾರೆ.

ಪ್ರೋಟೀನ್ ಲೆಕ್ಕ ಸಸ್ಯಾಹಾರಿಗಳಿಗೆ ಇನ್ನೂ ಕಷ್ಟ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಮೊಟ್ಟೆ ತಿನ್ನುವವರಿಗೂ ಒಂದರಲ್ಲಿ ಸಿಗುವುದು ಸುಮಾರು 6 ಗ್ರಾಂ, ತೆಳು ಸಾರಿನಲ್ಲಿ ಲೆಕ್ಕಕ್ಕೆ ಬಾರದಷ್ಟು. ಮೂರನೇ ತಿಂಗಳ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬರುವಾಗ ಗಾಬರಿಯಾಗದವರಿಲ್ಲ. ತೂಕ ಥಟ್ಟನೆ ಇಳಿದ ಆಘಾತಕ್ಕೆ ಕೂದಲು ಹೀಗೆ ಉದುರುತ್ತದೆ, ಬಹುಪಾಲು ಮತ್ತೆ ಹುಟ್ಟುತ್ತದೆ. ಸಿಹಿಯ ಪಾಡು ಬೇರೆ. ಬೈಪಾಸ್ ಆದ ಎಷ್ಟೋ ಜನರಿಗೆ ಹಬ್ಬದ ದಿನ ಒಬ್ಬಟ್ಟು ತಿಂದರೆ ಸಕ್ಕರೆ ನೇರ ಸಣ್ಣಕರುಳಿಗೆ ನುಗ್ಗಿ, ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿಕೆ. ಮಲಗಲೇಬೇಕು ಅನ್ನಿಸುವಷ್ಟು ಸುಸ್ತು. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಮದುವೆ ಮನೆಯಲ್ಲಿ ‘ಇನ್ನೊಂದು ಹಾಕಿಸ್ಕೊಳ್ಳಿ’ ಎಂದು ಬಲವಂತ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭವಲ್ಲ.

ವಿಟಮಿನ್‌ಗಳ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು ಎಂಬುದು ಎಲ್ಲರೂ ಹೇಳುವ ಮಾತು. ಹೇಳದೆ ಬಿಡುವುದು ಥಯಮಿನ್, ಅಂದರೆ ಬಿ1. ಮೈಯಲ್ಲಿ ಇದರ ದಾಸ್ತಾನು ಕೆಲವೇ ವಾರಗಳದ್ದು. ಆಪರೇಷನ್ ಆಗಿ ತಿಂಗಳೆರಡು ತಿಂಗಳಲ್ಲಿ ಬಿಡದೆ ವಾಂತಿಯಾದರೆ ಅದು ಬರಿದಾಗಿ ಕಣ್ಣು ಓಲಾಡಬಹುದು, ನಡಿಗೆ ತೂರಾಡಬಹುದು, ಬುದ್ಧಿ ಮಂಕಾಗಬಹುದು. ಸರ್ಜನ್ ಇರುವುದು ಬೆಂಗಳೂರಲ್ಲಿ, ವಾಂತಿಯಾಗುವುದು ಊರಲ್ಲಿ. ಊರಿನ ನರ್ಸಿಂಗ್ ಹೋಮಿನಲ್ಲಿ ವಾಂತಿ, ಸುಸ್ತು ಎಂದರೆ ಮೊದಲು ಏರಿಸುವುದು ಗ್ಲೂಕೋಸ್ ಡ್ರಿಪ್. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿನ ತೊಂದರೆ ಹೆಚ್ಚಬಹುದು. ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕಾದ ಸಾಲು ಇದು. ಬೆನ್ನುನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಹುದು.

ಮನಸ್ಸಿನ ಕಡೆಗೆ ಶಾಸ್ತ್ರ ಹೆಚ್ಚು ಗಮನ ಕೊಟ್ಟದ್ದು ಈ ಶತಮಾನದಲ್ಲಿ. 2007ರಲ್ಲಿ ಅಮೆರಿಕದ ಯೂಟಾದಿಂದ ಬಂದ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಬೈಪಾಸ್ ಆದವರಲ್ಲಿ ಒಟ್ಟು ಸಾವು ಶೇ 40 ಕಮ್ಮಿ. ಆದರೆ ಅಪಘಾತ, ಆತ್ಮಹತ್ಯೆಯಂಥ, ಕಾಯಿಲೆಯಿಂದಲ್ಲದ ಸಾವು ಹೆಚ್ಚು. 2012ರ ಇನ್ನೊಂದು ಅಧ್ಯಯನದಲ್ಲಿ ಕುಡಿತದ ಸಮಸ್ಯೆ ಇದ್ದವರು ಆಪರೇಷನ್‌ಗೆ ಮೊದಲು ಶೇ 7.6, ಎರಡನೇ ವರ್ಷಕ್ಕೆ ಶೇ 9.6. ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತ ಸೇರುತ್ತದೆ, ಒಂದು ಪೆಗ್ಗು ಎರಡರ ಕೆಲಸ ಮಾಡುತ್ತದೆ. ಸಂಬಂಧಗಳೂ ಅಲುಗಾಡುತ್ತವೆ: 2018ರಲ್ಲಿ ಪ್ರಕಟವಾದ ಸ್ವೀಡನ್ನಿನ ವರದಿಯಲ್ಲಿ ಜೋಡಿಯಾಗಿದ್ದವರು ಬೇರೆಯಾಗುವುದೂ ಒಂಟಿಯಾಗಿದ್ದವರು ಮದುವೆಯಾಗುವುದೂ ಎರಡೂ ಹೆಚ್ಚಾಗಿತ್ತು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಬೇಗ ಸಣ್ಣಗಾದವರನ್ನು ಕಂಡರೆ ನಮ್ಮ ಜನ ಹೊಗಳುವುದಕ್ಕಿಂತ ಮೊದಲು ‘ಯಾಕೆ ಹೀಗೆ ಸೊರಗಿದ್ದೀರಿ, ಶುಗರ್ರಾ?’ ಎಂದು ಕೇಳುತ್ತಾರೆ. ಆಪರೇಷನ್ ಅಂದರೆ ಸೋಮಾರಿಯ ಒಳದಾರಿ ಎಂಬ ಮಾತು ಬರುತ್ತದೆಂದು ಹೆಂಗಸರು ವಾಕಿಂಗ್, ಯೋಗದ ಹೆಸರು ಹೇಳಿ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮೇಲೆ ‘ಇಷ್ಟೇ ಸಾಕು’ ಎನ್ನಲು ನೆಂಟರ ಮನೆಯಲ್ಲಿ ಕಾರಣವೇ ಉಳಿಯುವುದಿಲ್ಲ. ಪತ್ರಿಕೆಗಳದೂ ಒಂದು ಪಾಲು ತಪ್ಪಿದೆ: ಕೊಬ್ಬು ಹೀರುವ ಸೌಂದರ್ಯ ಚಿಕಿತ್ಸೆಯನ್ನೂ ಇದನ್ನೂ ಒಂದೇ ಎಂಬಂತೆ ಬರೆಯುತ್ತವೆ. ಎರಡಕ್ಕೂ ಸಂಬಂಧವಿಲ್ಲ.

2021ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ಭಾರತಕ್ಕೆ 2025ರ ಮಾರ್ಚ್‌ನಲ್ಲಿ ಇದೇ ಬಗೆಯ ಮೌಂಜಾರೊ, ಜೂನ್‌ನಲ್ಲಿ ಸೆಮಾಗ್ಲುಟೈಡ್‌ನದೇ ವೆಗೊವಿ ಬಂದವು. ಬೈಪಾಸ್ ಆದ ಮೇಲೆ ಕರುಳಿನಲ್ಲಿ ತಾನಾಗಿ ಏರುವ ಜಿಎಲ್‌ಪಿ-1 ಹಾರ್ಮೋನನ್ನೇ ಈ ಮದ್ದುಗಳು ಅನುಕರಿಸುತ್ತವೆ. ಆಪರೇಷನ್ನಿನ ಕಾಲ ಮುಗಿಯಿತು ಎಂದವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿದ್ದು ಪ್ರಯೋಗದಲ್ಲೇ ಕಂಡಿದೆ. ಹತ್ತು ವರ್ಷದ ಹಿಂದೆ ಸ್ಲೀವ್ ಮಾಡಿಸಿಕೊಂಡು ಈಗ ತೂಕ ಏರಿದವರಿಗೆ ಇದೇ ಮದ್ದನ್ನು ಬರೆಯುವುದು ಶುರುವಾಗಿದೆ. ಸ್ಲೀವ್ ಆದವರ ಎದೆಯುರಿ ಮಾತ್ರ ಮದ್ದಿಗೆ ಬಗ್ಗದೆ ಕೆಲವರನ್ನು ಮತ್ತೆ ಬೈಪಾಸ್‌ಗೆ ಒಯ್ಯುತ್ತಿದೆ.

ನಮ್ಮ ದೇಶದ ವಿಮಾ ಪಾಲಿಸಿಗಳು ಈ ಚರಿತ್ರೆಯ ಹಳೆಯ ಅಧ್ಯಾಯದಲ್ಲೇ ನಿಂತಿವೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ಮಾದರಿ ನಿಯಮದಂತೆ ಬಿಎಂಐ (ಎತ್ತರಕ್ಕೆ ತೂಕದ ಅಳತೆ) 40, ಇಲ್ಲವೇ ಗಂಭೀರ ಕಾಯಿಲೆಯ ಜೊತೆ 35 ಇದ್ದರೆ ಆಪರೇಷನ್ ಖರ್ಚು ಸಿಗುತ್ತದೆ. ಇದು 1991ರಲ್ಲಿ ಅಮೆರಿಕ ಹಾಕಿದ ಗೆರೆ. ಕಮ್ಮಿ ತೂಕಕ್ಕೇ ಸಕ್ಕರೆ ಕಾಯಿಲೆ ಹಿಡಿಯುವ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ವಿಮಾ ಪ್ರಾಧಿಕಾರದ ಅದೇ ನಿಯಮಾವಳಿಯ ಇನ್ನೊಂದು ಕಲಮಿನ ಪ್ರಕಾರ, ಆಸ್ಪತ್ರೆ ದಾಖಲಾತಿಯ ಭಾಗವಾಗಿ ವೈದ್ಯರು ಬರೆದುಕೊಡದ ಹೊರತು ವಿಟಮಿನ್, ಖನಿಜ, ಪೂರಕ ಆಹಾರಕ್ಕೆ ಹಣವಿಲ್ಲ. ಐವತ್ತು ಕಿಲೋ ಇಳಿದು ಜೋತುಬಿದ್ದ ಚರ್ಮದ ಮಡಿಕೆಯಲ್ಲಿ ಬೆವರು ಕಟ್ಟಿ ಹುಣ್ಣಾದವರು ಅದನ್ನು ತೆಗೆಸಲು ಹೋದರೆ, ವೈದ್ಯಕೀಯವಾಗಿ ಅನಿವಾರ್ಯ ಎಂದು ಸಾಬೀತು ಮಾಡುವ ತನಕ ಅದು ಸೌಂದರ್ಯ ಚಿಕಿತ್ಸೆ. ವರ್ಷವರ್ಷದ ರಕ್ತಪರೀಕ್ಷೆ, ಪ್ರೋಟೀನ್ ಪುಡಿ, ಮಾತ್ರೆ ಎಲ್ಲ ಕೈಯಿಂದಲೇ. ಮೂರನೇ ವರ್ಷಕ್ಕೆ ಮಾತ್ರೆ ಬಿಟ್ಟು, ಐದನೇ ವರ್ಷಕ್ಕೆ ರಕ್ತಹೀನತೆಯಿಂದ ಏದುಸಿರು ಬಿಡುತ್ತಾ ಬರುವವರ ಕೇಸ್ ಶೀಟಿನಲ್ಲಿ ‘ಫಾಲೋ-ಅಪ್‌ಗೆ ಬಂದಿಲ್ಲ’ ಎಂದಷ್ಟೇ ಬರೆದಿರುತ್ತದೆ.