ಮನೆಯೊಳಗಿನ ಹಾಡು ಕಟ್ಟಿಸಿದ ಕಾಲೇಜು

ಬೇಳೆ ಮಿಲ್ಲುಗಳ ಯಂತ್ರ ರಿಪೇರಿಗೆಂದು ನಾನು ಉಮರ್ಗಾ, ನಿಲಂಗಾ, ಉದಗೀರ್ ಕಡೆ ಆಗಾಗ ಹೋಗುತ್ತಿರುತ್ತೇನೆ. 1956ರವರೆಗೆ ನಿಲಂಗಾ, ಉದಗೀರ್ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಮುಂಬೈ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರ್ ಜಿಲ್ಲೆಯಾದಾಗ ಅದಕ್ಕೆ ಸೇರಿದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲೇ ಉಳಿಯಿತು. ಈ ಊರುಗಳ ಸುತ್ತಮುತ್ತ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರು ಈಗಲೂ ಸಿಗುತ್ತಾರೆ. ಅವರಲ್ಲಿ ಹಳೆಯ ಹಾಡಿನ ಬಗ್ಗೆ ಕೇಳಿದರೆ, "ಅವೆಲ್ಲ ಮನಿ ಹಾಡ್ರಿ, ಹೊರಗ ಯಾರ್ ಕೇಳ್ತಾರ?" ಅನ್ನುತ್ತಾರೆ. ಮೊಯಿಲಾಂಜಿ ಪಾಟ್, ಒಪ್ಪನೆ ಪಾಟ್ ಬಗ್ಗೆ ನಮ್ಮ ಉಮ್ಮಂದಿರು ಹೇಳುವುದೂ ಇದನ್ನೇ.

ಹೊರಗೆ ಯಾರು ಕೇಳುತ್ತಾರೆ? ಬರೀ ಕಂಠದಿಂದ ಈ ಪ್ರಶ್ನೆಗೆ ಉತ್ತರ ಕೊಟ್ಟ ಒಂದು ತಂಡದ ಚರಿತ್ರೆ ಇದು.

ಅಮೆರಿಕದಲ್ಲಿ ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಮರುವರ್ಷವೇ ನ್ಯಾಶ್‌ವಿಲ್ ನಗರದಲ್ಲಿ, ಸೈನ್ಯದವರು ಬಿಟ್ಟುಹೋದ ಹಳೆಯ ಆಸ್ಪತ್ರೆಯ ಶೆಡ್ಡುಗಳಲ್ಲಿ, ಬಿಡುಗಡೆಯಾದ ಕಪ್ಪು ಜನರಿಗಾಗಿ ಫಿಸ್ಕ್ ಶಾಲೆ ಶುರುವಾಯಿತು. ಐದು ವರ್ಷದಲ್ಲಿ ಸಾಲ ಕುತ್ತಿಗೆಗೆ ಬಂತು. ಖಜಾಂಚಿಯೂ ಸಂಗೀತದ ಮೇಷ್ಟ್ರೂ ಆಗಿದ್ದ ಜಾರ್ಜ್ ವೈಟ್, 1871ರ ಅಕ್ಟೋಬರ್ 6ರಂದು ಒಂಬತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಹಾಡಿ ಹಣ ಕೂಡಿಸಲು ಹೊರಟರು. ಅವರಲ್ಲಿ ಹೆಚ್ಚಿನವರು ಹುಟ್ಟುವಾಗ ಗುಲಾಮರೇ.

ಮೊದಮೊದಲು ಬಿಳಿಯರಿಗೆ ಪರಿಚಿತವಾದ ಹಾಡುಗಳನ್ನೇ ಹಾಡಿದರು. ಹಣ ಹುಟ್ಟಲಿಲ್ಲ. ಹೋಟೆಲುಗಳಲ್ಲಿ ರೂಮು ಕೊಡಲಿಲ್ಲ. ಅಂಥ ಸ್ಥಿತಿಯಲ್ಲೂ ಒಂದು ಕಾರ್ಯಕ್ರಮದ ಹಣವನ್ನು ಶಿಕಾಗೊ ಬೆಂಕಿ ಅನಾಹುತದ ಸಂತ್ರಸ್ತರಿಗೆ ಕೊಟ್ಟರು. ತಂದೆತಾಯಿಯ ಗುಲಾಮಗಿರಿ ಕಾಲದ ಹಾಡುಗಳು ಅವರಿಗೆ ಬರುತ್ತಿದ್ದವು, ಆದರೆ ಹೊರಗೆ ಹಾಡಲು ಮನಸ್ಸಿರಲಿಲ್ಲ. ಅವು ಕತ್ತಲ ದಿನಗಳ ನೆನಪು. ಮೇಲಾಗಿ ಹಿರಿಯರ ಪ್ರಾರ್ಥನೆಯ ಪವಿತ್ರ ಹಾಡು ಎಂದು ತಂಡದ ಎಲ್ಲಾ ಶೆಪರ್ಡ್ ಮುಂದೆ ಬರೆದಿದ್ದಾರೆ.

ಅದೇ ನವೆಂಬರಿನಲ್ಲಿ ಓಬರ್ಲಿನ್ ಎಂಬಲ್ಲಿ ಪಾದ್ರಿಗಳ ಸಭೆಯ ಮುಂದೆ, ವಾದ್ಯವಿಲ್ಲದೆ, ಆ ಹಾಡುಗಳನ್ನು ಹಾಡಿದರು. ಅಲ್ಲಿಂದ ದಾರಿ ತಿರುಗಿತು.

ಅಂಗಡಿಯವನ ಮಗನಾದ ನನಗೆ ಲೆಕ್ಕ ನೋಡದೆ ಸಮಾಧಾನವಿಲ್ಲ. 1872ರಲ್ಲಿ ಮೊದಲ ಪ್ರವಾಸ ಮುಗಿಯುವಾಗ ಕೂಡಿದ್ದು 20,000 ಡಾಲರ್. ಅದೇ ವರ್ಷ ಹಾಡುಗಳು ಸ್ವರಲಿಪಿಯೊಂದಿಗೆ ಪುಸ್ತಕವಾದವು. 1873ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ಪ್ರವಾಸದಲ್ಲಿ ಹತ್ತಿರ ಹತ್ತಿರ 50,000 ಡಾಲರ್. ಅದರಿಂದ ಎದ್ದ ಜುಬಿಲಿ ಹಾಲ್ 1876ರಲ್ಲಿ ತೆರೆಯಿತು, ಇಂದಿಗೂ ನಿಂತಿದೆ. 1878ರಲ್ಲಿ ತಂಡ ಚದುರುವಾಗ ಒಟ್ಟು ಮೊತ್ತ ಸುಮಾರು ಒಂದೂವರೆ ಲಕ್ಷ ಡಾಲರ್.

ಖರ್ಚಿನ ಬದಿಯೂ ಇದೆ. ಬಿಡುವಿಲ್ಲದ ಪ್ರಯಾಣದಲ್ಲಿ ಹಲವರ ಆರೋಗ್ಯ ಕೆಟ್ಟಿತು. ಕಾಲೇಜು ಉಳಿಯಿತು, ಹಾಡಿದವರು ಸೋತು ಹೋದರು.

ಮುಂದೆ ಅದೇ ತಂಡದ ಫ್ರೆಡರಿಕ್ ಲೌಡಿನ್ ಸ್ವಂತ ತಂಡ ಕಟ್ಟಿ, 1884ರಿಂದ 1890ರವರೆಗೆ ಲೋಕ ಸುತ್ತಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಆದ ಮೇಲೆ ಭಾರತಕ್ಕೂ ಬಂದರು, ತಾಜ್ ಮಹಲಿನ ಒಳಗೆ ನಿಂತು ಹಾಡಿದರು. ಗುಲಾಮರ ಹೊಲದ ಹಾಡು ಆಗ್ರಾದ ಗುಮ್ಮಟದಡಿ ಮೊಳಗಿತು. ಫಿಸ್ಕ್ ತಂಡ ಇವತ್ತಿಗೂ ಇದೆ. 2021ರಲ್ಲಿ ಗ್ರಾಮಿ ಪ್ರಶಸ್ತಿ ಪಡೆಯಿತು.

ನಮ್ಮ ಕಷ್ಟವನ್ನು ಅವರ ಕಷ್ಟಕ್ಕೆ ಹೋಲಿಸಲಾಗದು. ಆದರೆ "ಇದೊಂದು ಭಾಷೆಯಾ?" ಎಂಬ ಮಾತನ್ನು ಬ್ಯಾರಿಗಳು ಬಹಳ ಕಾಲ ಕೇಳಿದವರು. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ. ಅಕಾಡೆಮಿ ಪುಸ್ತಕ ತರಬಹುದು, ಉಮ್ಮನ ಬಾಯಲ್ಲಿರುವ ಹಾಡನ್ನು ಮನೆಯವರೇ ಬರೆದುಕೊಳ್ಳಬೇಕು. ಗಡಿಯ ಕನ್ನಡದ ಮನೆಗಳಿಗೂ ಇದೇ ಮಾತು.

ಯಾವ ಹಾಡು ಹೊರಗೆ ಹೋಗಬೇಕು, ಯಾವುದು ಮನೆಯಲ್ಲೇ ಇರಬೇಕು ಎಂದು ಹಾಡುವವರೇ ತೀರ್ಮಾನಿಸಲಿ. ಆದರೆ ಆ ತೀರ್ಮಾನಕ್ಕೆ ಮೊದಲು ಹಾಡು ಉಳಿದಿರಬೇಕಲ್ಲ? ಮುಂದಿನ ಮದರಂಗಿ ರಾತ್ರಿ ಸ್ಪೀಕರ್ ಹಾಕುವ ಮೊದಲು, ಮನೆಯ ಹಿರಿಯ ಹೆಂಗಸರಲ್ಲಿ ಕೇಳಿ ಒಂದೆರಡು ಪಾಟ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕೆಳಗೆ ಹಾಡಿದವರ ಹೆಸರನ್ನೂ ಬರೆಯಿರಿ.