ಹೊತ್ತಿಗೊದಗುವ ಟರ್ಬೈನ್

1939ರ ಜುಲೈ 7. ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಕಂಪನಿಯ ಹೊಸ ಯಂತ್ರವೊಂದನ್ನು ಎಂಬತ್ತರ ಹರೆಯದ ಪ್ರೊಫೆಸರ್ ಆರೆಲ್ ಸ್ಟೊಡೊಲಾ ಪರೀಕ್ಷೆಗೊಡ್ಡಿದರು. ಟರ್ಬೈನ್ ಹುಟ್ಟಿಸಿದ್ದು ಸುಮಾರು 15,400 ಕಿಲೋವಾಟ್. ಅದರಲ್ಲಿ 11,400ನ್ನು ಗಾಳಿ ಒತ್ತುವ ಕಂಪ್ರೆಸರೇ ನುಂಗಿತು. ಊರಿಗೆ ಉಳಿದದ್ದು 4,000. ಸುಟ್ಟ ಎಣ್ಣೆಯ ಶಾಖದಲ್ಲಿ ಕರೆಂಟಾಗಿದ್ದು ಶೇ. 17.4 ಮಾತ್ರ.

ಆದರೂ ನ್ಯೂಶಾಟೆಲ್ ನಗರಕ್ಕೆ ಅದು ಬೇಕಾಗಿತ್ತು. ದಿನವಿಡೀ ಓಡಿಸಲು ಅಲ್ಲ, ಉಳಿದ ಮೂಲಗಳು ಕೈಕೊಟ್ಟಾಗ ಚಾಲೂ ಮಾಡಲು. ಬಾಯ್ಲರ್ ಇಲ್ಲ, ಹಬೆಯೇಳುವ ತನಕ ಕಾಯುವ ರಗಳೆಯಿಲ್ಲ. ಸಾರ್ವಜನಿಕ ವಿದ್ಯುತ್ ಪೂರೈಕೆಗೆ ನಿಂತ ಜಗತ್ತಿನ ಈ ಮೊದಲ ಗ್ಯಾಸ್ ಟರ್ಬೈನ್ 2002ರವರೆಗೂ ದುಡಿಯಿತು. ಆ ಪರೀಕ್ಷೆಯಾದ ಹತ್ತು ವರ್ಷದ ನಂತರ, 1949ರಲ್ಲಿ, ಅಮೆರಿಕದ ಒಕ್ಲಹೋಮಾ ಸಿಟಿಯ ಬೆಲ್ ಐಲ್ ಸ್ಥಾವರದಲ್ಲಿ ಜನರಲ್ ಎಲೆಕ್ಟ್ರಿಕ್‌ನ 3,500 ಕಿಲೋವಾಟಿನ ಟರ್ಬೈನ್ ನೈಸರ್ಗಿಕ ಅನಿಲದಿಂದ ತಿರುಗತೊಡಗಿತು.

ಈ ಯಂತ್ರಗಳಿಗೆ ನಿಜವಾದ ಬೇಡಿಕೆ ತಂದುಕೊಟ್ಟಿದ್ದು ಕತ್ತಲು. 1965ರ ನವೆಂಬರ್ 9ರ ಸಂಜೆ ಕೆನಡಾದ ಒಂದು ರಿಲೇ ತಪ್ಪಾಗಿ ಲೈನ್ ಕಡಿದು, ಈಶಾನ್ಯ ಅಮೆರಿಕದವರೆಗೆ ಸುಮಾರು ಮೂರು ಕೋಟಿ ಜನರ ದೀಪ ಆರಿತು. ದೊಡ್ಡ ಉಷ್ಣ ಸ್ಥಾವರಗಳನ್ನು ಮತ್ತೆ ಶುರುಮಾಡಬೇಕೆಂದರೆ ಅವುಗಳ ಪಂಪು, ಫ್ಯಾನುಗಳಿಗೇ ಹೊರಗಿನಿಂದ ಕರೆಂಟು ಬೇಕು! ಬ್ಯಾಟರಿಯಿಂದಲೋ ಸಣ್ಣ ಡೀಸೆಲ್ ಎಂಜಿನ್ನಿನಿಂದಲೋ ಎಚ್ಚರಗೊಳ್ಳುವ ಗ್ಯಾಸ್ ಟರ್ಬೈನುಗಳಿಗೆ ವಿದ್ಯುತ್ ಕಂಪನಿಗಳು ಮುಗಿಬಿದ್ದವು.

ನ್ಯೂಯಾರ್ಕಿನಲ್ಲಿ ಜಾಗದ ಅಭಾವ. ಹಾಗಾಗಿ 1970ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನ ಗೊವಾನಸ್ ದಡಕ್ಕೆ ಸ್ಥಾವರವನ್ನು ನೀರಿನ ಮೇಲೆಯೇ ತಂದು ಕಟ್ಟಿದರು: ನಾಲ್ಕು ಬಾರ್ಜ್, ಒಂದೊಂದರ ಮೇಲೆ ಎಂಟು ಟರ್ಬೈನ್. ಹತ್ತಿರದ ನ್ಯಾರೋಸ್‌ನಲ್ಲಿ ಇನ್ನೆರಡು ಬಾರ್ಜ್.

ಬಿಸಿ ಹೊಗೆಯ ಶಾಖವನ್ನು ಮತ್ತೆ ಬಳಸದ ಇಂಥ ಹಳೆಯ ಯಂತ್ರ ಒಂದು ಯೂನಿಟ್ ಕರೆಂಟಿಗೆ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದೇ ಶಾಖದಿಂದ ಹಬೆ ಎಬ್ಬಿಸಿ ಎರಡನೇ ಟರ್ಬೈನ್ ತಿರುಗಿಸುವ ಆಧುನಿಕ ಸ್ಥಾವರದಲ್ಲಿ ಅದು ಸಾಮಾನ್ಯವಾಗಿ 400 ಗ್ರಾಂ ದಾಟುವುದಿಲ್ಲ. ಇಂಗಾಲಕ್ಕಿಂತ ಅಕ್ಕಪಕ್ಕದ ಮನೆಗಳನ್ನು ಕಾಡುವುದು ಸಾರಜನಕದ ಆಕ್ಸೈಡುಗಳು. ಉರಿಯ ತಾಪಕ್ಕೆ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದೊಂದಿಗೆ ಕೂಡಿ ಇವು ಹುಟ್ಟುತ್ತವೆ. ಬಿಸಿಲು ಸೇರಿದರೆ ನೆಲಮಟ್ಟದ ಓಝೋನ್. ಹೊಸ ಸ್ಥಾವರಗಳಲ್ಲಿ ಇವನ್ನು ತಡೆಯುವ ಕ್ಯಾಟಲಿಸ್ಟ್ ಇದ್ದರೂ ಅದು ಕಾದ ಮೇಲಷ್ಟೇ ಕೆಲಸಕ್ಕಿಳಿಯುತ್ತದೆ. ಪದೇ ಪದೇ ನಿಂತು ಶುರುವಾಗುವುದೇ ಕಸುಬಾದ ಯಂತ್ರಕ್ಕೆ ಇದೊಂದು ದೊಡ್ಡ ಕೊರತೆ.

2019ರಲ್ಲಿ ನ್ಯೂಯಾರ್ಕ್ ರಾಜ್ಯ ಹಳೆಯ ಟರ್ಬೈನುಗಳ ಹೊಗೆಗೆ ಮಿತಿ ಹಾಕಿ 2023 ಮತ್ತು 2025ರ ಗಡುವು ಕೊಟ್ಟಿತು. ಕೆಲವು ಮುಚ್ಚಿದವು. ಆದರೆ ನಗರಕ್ಕೆ ಕರೆಂಟು ಸಾಲದೆಂದು ಲೆಕ್ಕ ಹಾಕಿದ ಗ್ರಿಡ್ ನಿರ್ವಾಹಕ ಸಂಸ್ಥೆ, ಗೊವಾನಸ್‌ನ ಎರಡು ಮತ್ತು ನ್ಯಾರೋಸ್‌ನ ಎರಡು ಬಾರ್ಜ್‌ಗಳನ್ನು 2025ರ ಮೇ ನಂತರವೂ ಉಳಿಸಿಕೊಳ್ಳಬೇಕೆಂದು 2023ರ ನವೆಂಬರಿನಲ್ಲಿ ತೀರ್ಮಾನಿಸಿತು. ವರ್ಷಕ್ಕೆ ಕೆಲವೇ ಗಂಟೆ ಓಡುವುದರಿಂದ ಇವುಗಳ ವಾರ್ಷಿಕ ಹೊಗೆ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಆದರೆ ಆ ಗಂಟೆಗಳು ಬರುವುದು ಏಸಿಗಳೆಲ್ಲ ಒಟ್ಟಿಗೆ ಓಡುವ, ಗಾಳಿಯಲ್ಲಿ ಓಝೋನ್ ಏರಿರುವ ಬಿರುಬೇಸಿಗೆಯ ದಿನಗಳಲ್ಲೇ. ಇವುಗಳ ಹೊಗೆಯನ್ನು ಆ ದಿನಗಳ ಲೆಕ್ಕದಲ್ಲೇ ಅಳೆಯಬೇಕು.